ದೀಪಕ್ಕೆ ಟೋಪಿ ಹಾಕಿ ಸ್ವಾಮಿ, ನಕ್ಷತ್ರ ನೋಡೋಣ!

ಮೇ ತಿಂಗಳ ಅಮಾವಾಸ್ಯೆಯ ಹಿಂದಿನ ದಿನ. ರಾತ್ರಿ ಎಂಟು ಗಂಟೆಯ ಕೊನೇ ಬಸ್ಸು. ಸೀಟೆಲ್ಲಾ ಭರ್ತಿ, ನಿಂತವರೂ ಭರ್ತಿ. ಅಷ್ಟರಲ್ಲಿ ಒಬ್ಬರು ಜಮಖಾನದಲ್ಲಿ ಸುತ್ತಿದ ಎರಡೂವರೆ ಅಡಿ ಉದ್ದದ ದಪ್ಪ ಕೊಳವೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಹತ್ತಿದರು. ಅವರ ಹಿಂದೆ ಮೂರು ಕಾಲಿನ ಸ್ಟ್ಯಾಂಡು, ಎರಡು ಕಬ್ಬಿಣದ ಗುಂಡು ಹೊತ್ತು ಏದುಸಿರು ಬಿಡುತ್ತಾ ಹತ್ತಿದವನು ಈ ಅಂಕಣಕಾರ.

“ಏನ್ರೀ ಅದು, ಬೋರ್‌ವೆಲ್ ಪೈಪಾ?” ಅಂದ ಕಂಡಕ್ಟರ್.

“ಪೈಪಲ್ಲ ಕಣಪ್ಪ, ಡೊಳ್ಳಿರಬೇಕು” ಅಂದರು ಹಿಂದಿನ ಸೀಟಿನ ಅಜ್ಜ.

“ದೂರದರ್ಶಕ ಸಾರ್. ನಕ್ಷತ್ರದ ಫೋಟೋ ತೆಗೆಯೋಕೆ ಹೋಗ್ತಿದೀವಿ.”

ಬಸ್ಸು ಒಂದು ಗಳಿಗೆ ಗಪ್‌ಚುಪ್. ಆಮೇಲೆ ಕಂಡಕ್ಟರ್ ಲಗೇಜು ಟಿಕೆಟ್ ಕೊಟ್ಟು, “ನಕ್ಷತ್ರಕ್ಕೆ ಫ್ರೀ, ಪೈಪಿಗೆ ಮಾತ್ರ ಕಾಸು” ಅಂದ. ಎಲ್ಲರೂ ನಕ್ಕರು. ಕೊಳವೆಯವರೂ ನಕ್ಕರು.

ಈ ಮಹಾಶಯರು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ಅಪ್ಪನ ಕಾಲದ ಅಂಗಡಿ. ಊರಿನ ಅರ್ಧ ಜನರ ಮದುವೆ ಫೋಟೋ ಅಲ್ಲೇ ತೊಳೆದದ್ದು. ಈಗ ಎಲ್ಲರ ಜೇಬಲ್ಲೂ ಮೊಬೈಲು. ಸ್ಟುಡಿಯೋಗೆ ಬರುವವರು ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳು ಮಾತ್ರ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ವಿಷಯ ಶುರುವಾದದ್ದು ನಮ್ಮ ಪತ್ರಿಕೆ ಕಚೇರಿಯಲ್ಲೇ. ಒಂದು ದಿನ ಬಂದು ಮೇಜಿನ ಮೇಲೆ ಫೋಟೋ ಇಟ್ಟರು. ಕರೀ ಕಂಬಳಿ ಮೇಲೆ ಸಕ್ಕರೆ ಮೂಟೆ ಒಡೆದ ಹಾಗೆ, ನಡುವೆ ರಾಶಿ, ಸುತ್ತ ಚೆಲ್ಲಾಪಿಲ್ಲಿ. “ನಾನೇ ತೆಗೆದದ್ದು” ಅಂದರು. ನಮ್ಮ ಉಪಸಂಪಾದಕರು ಕನ್ನಡಕ ಏರಿಸಿ, “ಇಂಟರ್ನೆಟ್ಟಿಂದ ಇಳಿಸಿದ್ದಲ್ವೇನ್ರೀ?” ಅಂದುಬಿಟ್ಟರು.

ಆ ಮುಖ ನೋಡಬೇಕಿತ್ತು ಸ್ವಾಮಿ. ಎರಡು ವರ್ಷ ನಿದ್ದೆಗೆಟ್ಟವನಿಗೆ ಕಳ್ಳ ಅಂದಂತಾಯಿತು. ಕೊನೆಗೆ, “ಬನ್ನಿ ಸಾರ್, ನಿಮ್ಮ ಕಣ್ಣೆದುರಿಗೇ ತೆಗೀತೀನಿ” ಅಂದರು. ಹೀಗಾಗಿ ಈ ಬಸ್ಸು, ಈ ಲಗೇಜು ಟಿಕೆಟ್ಟು.

ಯಾವುದೀ ಸಕ್ಕರೆ ಮೂಟೆ?

ಅದರ ಹೆಸರು ಒಮೇಗಾ ಸೆಂಟಾರಿ. ನಕ್ಷತ್ರಗಳೇ ಒತ್ತೊತ್ತಾಗಿ ಸೇರಿ ಉಂಡೆ ಕಟ್ಟಿದ್ದು. ಇದಕ್ಕೆ ಗೋಳಾಕಾರದ ನಕ್ಷತ್ರಗುಚ್ಛ ಅಂತ ಹೆಸರು. ನಮ್ಮ ಆಕಾಶಗಂಗೆಯಲ್ಲಿ ಇಂಥವು ನೂರೈವತ್ತಕ್ಕೂ ಹೆಚ್ಚಿವೆ. ಅವುಗಳಲ್ಲೆಲ್ಲಾ ದೊಡ್ಡದು ಇದೇ. ಅಂದಾಜು ಒಂದು ಕೋಟಿ ನಕ್ಷತ್ರ. ದೂರ ಸುಮಾರು 17,000 ಜ್ಯೋತಿರ್ವರ್ಷ. ಅಂದರೆ ಈವತ್ತು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಮನುಷ್ಯ ಇನ್ನೂ ಹೊಲ ಉತ್ತಿರಲಿಲ್ಲ, ಒಂದು ಕಾಳು ಬಿತ್ತಿರಲಿಲ್ಲ.

ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಇದನ್ನು ಬರೀ ಒಂದು ನಕ್ಷತ್ರ ಅಂತ ಪಟ್ಟಿಗೆ ಸೇರಿಸಿದ. 1603ರಲ್ಲಿ ಜರ್ಮನಿಯ ಬೇಯರ್ ಕೂಡ ನಕ್ಷತ್ರವೆಂದೇ ತಿಳಿದು ‘ಒಮೇಗಾ’ ಅಂತ ಅಕ್ಷರ ಅಂಟಿಸಿದ. ಧೂಮಕೇತುವಿಗೆ ಹೆಸರಾದ ಎಡ್ಮಂಡ್ ಹ್ಯಾಲಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ, ಇದು ಒಂಟಿ ನಕ್ಷತ್ರವಲ್ಲ, ಮಸುಕು ಮಸುಕಾದ ಇನ್ನೇನೋ ಅಂದ. ಆಗ ಅವನಿಗೆ ಇಪ್ಪತ್ತರ ವಯಸ್ಸು.

ಹ್ಯಾಲಿ ಹಡಗು ಹತ್ತಿ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಲಂಡನ್ನಿನಲ್ಲಿ ಜೀವಮಾನ ಪೂರ್ತಿ ಕಾದು ಕೂತರೂ ಒಮೇಗಾ ಸೆಂಟಾರಿ ಕಾಣುವುದಿಲ್ಲ. ದಿಗಂತದ ಮೇಲೆ ಏಳುವುದೇ ಇಲ್ಲ. ದಿಲ್ಲಿಯಲ್ಲಿ ಏಳುತ್ತದೆ, ಆದರೆ 14 ಡಿಗ್ರಿಗಿಂತ ಮೇಲಕ್ಕೆ ಬರುವುದಿಲ್ಲ, ಧೂಳಿನಲ್ಲೇ ಮುಳುಗಿರುತ್ತದೆ. ಮಧ್ಯ ಕರ್ನಾಟಕದ ನಮಗೆ? 28 ಡಿಗ್ರಿ! ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ ಅಂತ ಲೆಕ್ಕ. ದಿಗಂತದಿಂದ ಮೂರು ಮುಷ್ಟಿಗೆ ಸ್ವಲ್ಪ ಕಮ್ಮಿ. ಇಂಗ್ಲೆಂಡಿನವರಿಗೆ ಇಲ್ಲದ ಆಸ್ತಿ ನಮಗೆ ಬಿಟ್ಟಿ ಸಿಕ್ಕಿದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಎಲ್ಲಿದೆ ಹೇಳಿ!

ಚಿತ್ತೆಯಿಂದ ಕೆಳಗಿಳಿಯಿರಿ

ಬಸ್ಸಿಳಿದು, ಕೆರೆ ಏರಿ ಹತ್ತುವ ಹೊತ್ತಿಗೆ ಒಂಬತ್ತು. ಊರಿನಿಂದ ಇಪ್ಪತ್ತೈದು ಕಿಲೋಮೀಟರ್ ದೂರ. ಏರಿಯ ತುದಿಯಲ್ಲಿ ಒಂದು ಈಶ್ವರನ ಗುಡಿ. ಸುತ್ತ ಕತ್ತಲು. ಪಶ್ಚಿಮದಲ್ಲಿ ಆಗಾಗ ಮಿಂಚು. ಕೃತ್ತಿಕೆ ಮಳೆಯ ಕಾಲ, ಯಾವಾಗ ಮೇಲೆ ಬೀಳುತ್ತೋ ಹೇಳೋಕಾಗಲ್ಲ.

“ಬ್ಯಾಟರಿ ಹಾಕಬೇಡಿ ಸಾರ್!” ಅಂತ ಗದರಿದರು. ಕತ್ತಲಿಗೆ ಕಣ್ಣು ಪಳಗೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕಂತೆ. ಒಂದು ಸಲ ಬಿಳೀ ಬೆಳಕು ಬಿತ್ತೋ, ಮತ್ತೆ ಮೊದಲಿಂದ. ಅವರ ಬ್ಯಾಟರಿಗೆ ಸ್ವೀಟ್ ಡಬ್ಬಕ್ಕೆ ಸುತ್ತುವ ಕೆಂಪು ಕಾಗದ ಕಟ್ಟಿದ್ದರು.

ಗುಚ್ಛ ಹುಡುಕುವುದು ಹೇಗೆ? ಬಹಳ ಸುಲಭ. ಪಂಚಾಂಗದ ಚಿತ್ತಾ ನಕ್ಷತ್ರ ಗೊತ್ತಲ್ಲ? ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎತ್ತರದಲ್ಲಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಲ್ಲಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯಿರಿ. ಮಬ್ಬಾದ ಒಂದು ಚುಕ್ಕೆ ಕಾಣುತ್ತದೆ, ಅದೇ. ಇನ್ನೂ ಕೆಳಗೆ ಬಲಕ್ಕೆ ತ್ರಿಶಂಕುವಿನ ನಾಲ್ಕು ನಕ್ಷತ್ರ, ಎಡಕ್ಕೆ ಕಿನ್ನರನ ಎರಡು ಪ್ರಖರ ನಕ್ಷತ್ರ. ದಾರಿ ತಪ್ಪುವ ಮಾತೇ ಇಲ್ಲ.

ಬರಿಗಣ್ಣಿಗೆ ಅದು ಮಂಕು ಚುಕ್ಕೆ. ಬೈನಾಕ್ಯುಲರಿನಲ್ಲಿ ಹತ್ತಿಯುಂಡೆ. ಅವರ ಆರು ಇಂಚಿನ ಕನ್ನಡಿಯ ದೂರದರ್ಶಕಕ್ಕೆ ಕಣ್ಣಿಟ್ಟಾಗ, ದೇವರಾಣೆ, ಉಂಡೆ ಒಡೆದು ಕಾಳು ಕಾಳಾಯಿತು.

ಧ್ರುವನ ಕಾಟ

ನೋಡುವುದು ಬೇರೆ, ಫೋಟೋ ತೆಗೆಯುವುದು ಬೇರೆ. ಭೂಮಿ ಸುತ್ತುತ್ತಲೇ ಇರುತ್ತದೆ, ಆಕಾಶ ಜಾರುತ್ತಲೇ ಇರುತ್ತದೆ. ಕ್ಯಾಮೆರಾ ಒಂದು ಸೆಕೆಂಡು ಸುಮ್ಮನೆ ನಿಂತರೂ ಚುಕ್ಕೆ ಗೀರಾಗುತ್ತದೆ. ಆದ್ದರಿಂದ ದೂರದರ್ಶಕವೂ ಆಕಾಶದ ಜೊತೆಗೇ ತಿರುಗಬೇಕು. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಅದಕ್ಕೊಂದು ಪುಟ್ಟ ಮೋಟಾರು. ಆ ಮೋಟಾರು ತಿರುಗಿಸುವ ಅಚ್ಚು ಮಾತ್ರ ಕರಾರುವಾಕ್ಕಾಗಿ ಧ್ರುವದ ಕಡೆಗೇ ಮುಖ ಮಾಡಿರಬೇಕು.

ಇಲ್ಲೇ ನಮ್ಮವರಿಗೆ ಫಜೀತಿ. ನಮ್ಮ ಸೀಮೆಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಎತ್ತರ. ಊರಲ್ಲಾದರೆ ಪಕ್ಕದ ಮನೆಯ ನೀರಿನ ಟ್ಯಾಂಕೋ, ತೆಂಗಿನ ಮರವೋ ಅಡ್ಡ. ಜೊತೆಗೆ ಈ ಸ್ಟ್ಯಾಂಡುಗಳಲ್ಲಿ ಬಹಳಷ್ಟು, ಧ್ರುವ ಎತ್ತರದಲ್ಲಿರುವ ಉತ್ತರದ ದೇಶಗಳನ್ನು ನೆನೆದು ಮಾಡಿದವು. ಅಚ್ಚನ್ನು 14 ಡಿಗ್ರಿಗೆ ಇಳಿಸಿದರೆ ಕಬ್ಬಿಣದ ಗುಂಡು ಹೋಗಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಇವರು ಗ್ಯಾರೇಜಿನವರ ಹತ್ತಿರ ಒಂದು ತುಂಡು ಕಬ್ಬಿಣ ಬೆಸುಗೆ ಹಾಕಿಸಿ, ಸ್ಟ್ಯಾಂಡನ್ನು ಎತ್ತರಿಸಿಕೊಂಡಿದ್ದಾರೆ. ಗಂಟಲಿನ ಅಳತೆಗೆ ತಕ್ಕ ತುತ್ತು, ಏನು ಮಾಡೋಕಾಗುತ್ತೆ.

ಆಮೇಲೆ ಫೋಕಸ್. ಕೂದಲೆಳೆಯಷ್ಟು ಆಚೀಚೆಯಾದರೂ ಚುಕ್ಕೆ ಬೋಂಡಾ ಆಗುತ್ತದೆ. ಇದಕ್ಕೊಂದು ಉಪಾಯವಿದೆ. ರಟ್ಟಿನಲ್ಲಿ ಸಾಲು ಸಾಲು ಸೀಳು ಕೊಯ್ದ ಜಾಲರಿ. 2005ರಲ್ಲಿ ರಷ್ಯಾದ ಪಾವೆಲ್ ಬಾಟಿನೋವ್ ಎಂಬ ಹವ್ಯಾಸಿ ಹೊರತಂದದ್ದು. ಇದನ್ನು ಕೊಳವೆಯ ಬಾಯಿಗಿಟ್ಟು ಚಿತ್ತೆಯನ್ನು ನೋಡಿದರೆ ಮೂರು ಗೆರೆ ಕಾಣುತ್ತವೆ. ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಸರಿ. ಇವರ ಜಾಲರಿ ಹಳೇ ಮದುವೆ ಆಲ್ಬಮ್ಮಿನ ರಟ್ಟಿನದು. ಖರ್ಚು ಸೊನ್ನೆ.

ಒಂದು ಫೋಟೋ ಅಲ್ಲ, ನೂರಿಪ್ಪತ್ತು!

ಹತ್ತು ಗಂಟೆಗೆ ಶುರು. ಕ್ಯಾಮೆರಾ ಕಚಕ್ ಅಂದಿತು. ಇಪ್ಪತ್ತು ಸೆಕೆಂಡು ಮೌನ. ಮತ್ತೆ ಕಚಕ್. ಹೀಗೆ ನೂರಿಪ್ಪತ್ತು ಸಲ.

“ಒಂದೇ ಸಲ ನಲವತ್ತು ನಿಮಿಷ ತೆರೆದಿಟ್ಟರಾಗದೇ?” ಅಂದೆ.

“ಆಗಲ್ಲ ಸಾರ್. ಅಷ್ಟು ಹೊತ್ತು ನನ್ನ ಮೋಟಾರು ಒಂದೇ ಹದಕ್ಕೆ ಓಡಲ್ಲ. ಒಂದು ಟ್ರಾಕ್ಟರ್ ಲೈಟು ಬಿದ್ದರೂ ಇಡೀ ಫೋಟೋ ಹಾಳು. ಸಣ್ಣ ಸಣ್ಣದಾಗಿ ತೆಗೆದರೆ ಹಾಳಾದ್ದನ್ನ ಎಸೆದು ಉಳಿದದ್ದನ್ನ ಕೂಡಿಸಬಹುದು.”

ಅವರು ಹಾಗಂದ ಹತ್ತು ನಿಮಿಷಕ್ಕೆ ನಿಜಕ್ಕೂ ಟ್ರಾಕ್ಟರ್ ಬಂತು. ಮೂರು ಫೋಟೋ ಢಮಾರ್.

ಅದರ ಹಿಂದೆಯೇ ಪಂಪ್‌ಸೆಟ್ ಹಾಕಲು ಹೊರಟ ರೈತರೊಬ್ಬರು ಬಂದರು. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟು, ಪಾಪ ಅವರಿಗೂ ನಿದ್ದೆಯಿಲ್ಲ. ಗುಡಿಯ ಹತ್ತಿರ ಕಳ್ಳರಿರಬೇಕು ಅಂತ ನೋಡಲು ಬಂದವರು. ವಿಷಯ ತಿಳಿದು, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಮೂಡಿದ್ದನ್ನು ಬಗ್ಗಿ ನೋಡಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

“ಕಣದಾಗೆ ರಾಗಿ ರಾಶಿ ಮಾಡಿದಂಗೈತಲ್ಲ ಸಾಮಿ. ಇದು ದಿನಾ ಇಲ್ಲೇ ಇತ್ತಾ?”

“ದಿನಾ ಅಲ್ಲ ಯಜಮಾನ್ರೇ, ಬೇಸಿಗೇಲಿ.”

“ನಾನು ಈ ಏರಿ ಮ್ಯಾಲೆ ನಲವತ್ತು ವರ್ಸದಿಂದ ಓಡಾಡ್ತೀನಿ” ಅಂದವರು, ಸೀದಾ ಪಂಪ್‌ಸೆಟ್ ಕಡೆ ನಡೆದರು. ಹೋಗುವಾಗ ಬ್ಯಾಟರಿ ಹಾಕಲಿಲ್ಲ.

ನೂರಿಪ್ಪತ್ತು ಮುಗಿದ ಮೇಲೆ ನಾಲ್ಕು ನಾಲ್ಕು ಸೆಕೆಂಡಿನ ಮೂವತ್ತು ಫೋಟೋ ಬೇರೆ. ಗುಚ್ಛದ ನಡುವೆ ಬೆಳಕು ಜಾಸ್ತಿ, ಅಂಚಿನಲ್ಲಿ ಕಮ್ಮಿ. ಅಂಚು ಬರಲಿ ಅಂತ ಹೆಚ್ಚು ಹೊತ್ತು ಬಿಟ್ಟರೆ ನಡುವೆಲ್ಲಾ ಸುಣ್ಣ ಬಳಿದಂತಾಗುತ್ತದೆ. ಎರಡನ್ನೂ ತೆಗೆದು ಆಮೇಲೆ ಜೋಡಿಸಬೇಕು. ಕೊನೆಯಲ್ಲಿ ಕೊಳವೆಗೆ ಮುಚ್ಚಳ ಹಾಕಿ ಇಪ್ಪತ್ತು ಫೋಟೋ! ಕತ್ತಲೆಯ ಫೋಟೋ ಯಾಕೆ ಅಂದಿರಾ? ಮೇ ತಿಂಗಳ ಸೆಕೆಗೆ ಕ್ಯಾಮೆರಾದ ಒಳಗೇ ಸುಳ್ಳು ಚುಕ್ಕೆಗಳು ಹುಟ್ಟುತ್ತವೆ. ಮುಚ್ಚಳ ಹಾಕಿ ತೆಗೆದರೆ ಬರೀ ಸುಳ್ಳು ಮಾತ್ರ ಬರುತ್ತದೆ. ನಿಜದ ಫೋಟೋದಿಂದ ಆ ಸುಳ್ಳನ್ನು ಕಳೆಯಬೇಕು. ನಮ್ಮ ರಾಜಕಾರಣಿಗಳ ಭಾಷಣಕ್ಕೂ ಇಂಥದ್ದೊಂದು ಮುಚ್ಚಳ ಸಿಕ್ಕಿದ್ದರೆ!

ಹನ್ನೊಂದೂಕಾಲಿಗೆ ಗಾಳಿ ಎದ್ದಿತು. ಮಣ್ಣಿನ ವಾಸನೆ. ಎಲ್ಲವನ್ನೂ ಬಾಚಿಕೊಂಡು ಗುಡಿಯ ಜಗಲಿಗೆ ಓಡಿದೆವು. ಮಳೆ ಧೋ ಅಂತ ಹೊಯ್ಯಿತು. ಬೆಳಗಿನ ಮೊದಲ ಬಸ್ಸಿನವರೆಗೆ ಈಶ್ವರನೇ ಗತಿ. ಸ್ಟುಡಿಯೋದವರು ಕೊಳವೆಗೆ ಜಮಖಾನ ಹೊದಿಸಿ, ತಾವು ನೆನೆದುಕೊಂಡು ಕೂತಿದ್ದರು.

ಅಂಗಡಿಯಲ್ಲಿ ಕೂಡುವ ಲೆಕ್ಕ

ಮಾರನೇ ದಿನ ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತೆವು. ನೂರಿಪ್ಪತ್ತರಲ್ಲಿ ಮೂವತ್ತೊಂಬತ್ತು ಕಸದ ಬುಟ್ಟಿಗೆ. ಉಳಿದದ್ದು 81. ಇವನ್ನೆಲ್ಲಾ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುವ ಸಾಫ್ಟ್‌ವೇರ್ ಬಿಟ್ಟಿಯಾಗಿ ಸಿಗುತ್ತದೆ. 81ರ ವರ್ಗಮೂಲ 9. ಅಂದರೆ ಫೋಟೋದ ಮೇಲಿನ ಮರಳು ಮರಳು ಗಲೀಜು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಕ್ಷತ್ರ ಮಾತ್ರ ಇದ್ದಲ್ಲೇ ಇರುತ್ತದೆ.

ಪರದೆಯ ಮೇಲೆ ನಿಧಾನಕ್ಕೆ ಮೂಡಿತು ನೋಡಿ! ಬೆಳ್ಳಗಿನ ರಾಶಿಯ ನಡುವೆ ಅಲ್ಲಲ್ಲಿ ಹಳದಿ ಕೆಂಪು ಕಿಡಿಗಳು. ಅವು ಮುಪ್ಪಾಗಿ ಉಬ್ಬಿಕೊಂಡ ದೈತ್ಯ ನಕ್ಷತ್ರಗಳಂತೆ. ಗುಚ್ಛದ ವಯಸ್ಸು ಸುಮಾರು 1,200 ಕೋಟಿ ವರ್ಷ, ನಮ್ಮ ಸೂರ್ಯನ ಎರಡೂವರೆ ಪಟ್ಟು. ಅಗಲವೋ, ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ಒಂದು ಕೈ ಮೇಲೆ. “ಮದುವೆ ಫೋಟೋದ ಹಾಗೆ ಬಣ್ಣ ಏರಿಸಬಾರದು ಸಾರ್. ಎಷ್ಟಿದೆಯೋ ಅಷ್ಟೇ” ಅಂದರು.

ಹೀಗೆ ಫೋಟೋ ಪೇರಿಸುವುದು ಹುಚ್ಚರ ಕೆಲಸ ಅನ್ನಬೇಡಿ. 1890ರ ದಶಕದಲ್ಲಿ ಅಮೆರಿಕದ ಸೋಲನ್ ಬೈಲಿ ಪೆರು ದೇಶದ ಅರೆಕಿಪಾದಲ್ಲಿ ಕೂತು ಇದೇ ಗುಚ್ಛದ ಫೋಟೋಗಳನ್ನು ಗಾಜಿನ ಫಲಕಗಳ ಮೇಲೆ ತೆಗೆದ. ಅವನ್ನು ಹೋಲಿಸಿ, ಮಿಣುಕಿ ಮಂಕಾಗುವ ನಕ್ಷತ್ರಗಳನ್ನು ನೂರಕ್ಕೂ ಹೆಚ್ಚು ಪತ್ತೆ ಮಾಡಿದ. ಇಂಥ ನಕ್ಷತ್ರಗಳನ್ನೇ ಅಳತೆಗೋಲು ಮಾಡಿಕೊಂಡು ಹಾರ್ಲೋ ಶ್ಯಾಪ್ಲಿ 1918ರಲ್ಲಿ ಗುಚ್ಛಗಳ ದೂರ ಅಳೆದ. ಆಗ ಗೊತ್ತಾಯಿತು: ನಮ್ಮ ಸೂರ್ಯ ಆಕಾಶಗಂಗೆಯ ನಡುಮನೆಯಲ್ಲಿಲ್ಲ, ಊರಾಚೆಯ ಬಡಾವಣೆಯಲ್ಲಿದ್ದಾನೆ ಅಂತ! 2024ರಲ್ಲಿ ಹಬಲ್ ದೂರದರ್ಶಕದ ಇಪ್ಪತ್ತು ವರ್ಷಗಳ ಫೋಟೋ ಜೋಡಿಸಿ ನೋಡಿದವರಿಗೆ ಗುಚ್ಛದ ನಡುವೆ ಏಳು ನಕ್ಷತ್ರ ವಿಪರೀತ ವೇಗದಲ್ಲಿ ಓಡುತ್ತಿರುವುದು ಕಂಡಿತು. ಅಲ್ಲೊಂದು ಕಪ್ಪು ಕುಳಿ ಇರಬೇಕು, ಕನಿಷ್ಠ 8,200 ಸೂರ್ಯರ ತೂಕದ್ದು ಅಂದರು. ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರೂ, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ದೂರದರ್ಶಕದಿಂದ ಇದನ್ನು ಶೋಧಿಸಿದ್ದಾರೆ.

ಊರ ತಾರಸಿಯ ಫೋಟೋ

ಇಷ್ಟು ಹೊತ್ತಿಗೆ ನನಗೊಂದು ಅನುಮಾನ. “ಅಲ್ರೀ, ಇಷ್ಟೆಲ್ಲಾ ಹೊತ್ಕೊಂಡು ಇಪ್ಪತ್ತೈದು ಕಿಲೋಮೀಟರ್ ಯಾಕೆ ಹೋಗಬೇಕು? ನಿಮ್ಮ ಅಂಗಡಿ ತಾರಸಿಯಿಂದಲೇ ತೆಗೀಬಹುದಲ್ಲ?”

ಅವರು ಮಾತಾಡಲಿಲ್ಲ. ಇನ್ನೊಂದು ಫೋಟೋ ತೆರೆದು ಪಕ್ಕದಲ್ಲಿಟ್ಟರು. ಅದೇ ದೂರದರ್ಶಕ, ಅದೇ ಕ್ಯಾಮೆರಾ, ಅದೇ ಇಪ್ಪತ್ತು ಸೆಕೆಂಡು. ತೆಗೆದದ್ದು ತಾರಸಿಯಿಂದ. ಹಾಲು ಚೆಲ್ಲಿದ ಹಾಗೆ ಬಿಳಿಚಿದ ಆಕಾಶ. ಹುಣ್ಣಿಮೆ ಚಂದ್ರನಷ್ಟಗಲ ಹರಡಿದ್ದ ರಾಶಿಯಲ್ಲಿ ನಡುವಿನ ಒಂದು ಹಿಡಿ ಮಾತ್ರ ಉಳಿದಿತ್ತು. ಅಂಚಿನ ನಕ್ಷತ್ರಗಳು ನಾಪತ್ತೆ.

ಕಾರಣ? ಅಂಗಡಿಯ ದಕ್ಷಿಣಕ್ಕೆ, ಸರ್ಕಲ್ಲಿನಲ್ಲಿ ನಿಂತ ಹೈಮಾಸ್ಟ್ ದೀಪ. ಅದರ ಬುರುಡೆಗಳು ರಸ್ತೆ ನೋಡುವ ಬದಲು ದಿಗಂತ ನೋಡುತ್ತಿವೆ. ಗುಚ್ಛ 28 ಡಿಗ್ರಿಯಲ್ಲಿದ್ದಾಗ ಅದರ ಬೆಳಕು ನಮ್ಮ ನೆತ್ತಿಯ ಮೇಲಿರುವುದಕ್ಕಿಂತ ಎರಡು ಪಟ್ಟು ಗಾಳಿಯನ್ನು ತೂರಿಕೊಂಡು ಬರಬೇಕು. ಆ ಗಾಳಿಯಲ್ಲೆಲ್ಲಾ ನಮ್ಮದೇ ದೀಪದ ಬೆಳಕು ಚದುರಿ ಕೂತಿದೆ. ಬಿಳೀ ಎಲ್‌ಇಡಿಯಲ್ಲಿ ನೀಲಿ ಪಾಲು ಜಾಸ್ತಿ, ಗಾಳಿಯಲ್ಲಿ ಹೆಚ್ಚು ಚದುರುವುದೂ ನೀಲಿಯೇ. ಹಗಲಿನ ಆಕಾಶ ನೀಲಿ ಇರುವುದೂ ಇದರಿಂದಲೇ.

ಇವರು ದೀಪದ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಎರಡು ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಖುದ್ದಾಗಿ ಹೋದಾಗ, “ನಕ್ಷತ್ರ ನೋಡೋಕೆ ಲೈಟ್ ಆಫ್ ಮಾಡಬೇಕಾ? ಕಳ್ಳತನ ಆದ್ರೆ ನೀವು ಬರ್ತೀರಾ?” ಅಂದರಂತೆ.

ಮಾತು ಸುಳ್ಳಲ್ಲ. ಕತ್ತಲಾದರೆ ವ್ಯಾಪಾರಿಗೂ ಭಯ, ಕೊನೇ ಬಸ್ಸಿಳಿದು ನಡೆದು ಹೋಗುವ ಹೆಣ್ಣುಮಕ್ಕಳಿಗೂ ಭಯ. ಆದರೆ ಇವರು ಕೇಳಿದ್ದು ದೀಪ ಆರಿಸಿ ಅಂತ ಅಲ್ಲ. ದೀಪಕ್ಕೆ ಟೋಪಿ ಹಾಕಿ ಅಂತ! ಮೇಲೊಂದು ತಗಡಿನ ಮರೆ, ಬುರುಡೆಯ ಮುಖ ನೆಲಕ್ಕೆ. ಆಗ ರಸ್ತೆಗೆ ಬೆಳಕು ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗದು. ಆಕಾಶಕ್ಕೆ ಹೋಗುವ ಬೆಳಕಿಗೂ ಮೀಟರ್ ಓಡುತ್ತದೆ, ಬಿಲ್ಲು ಕಟ್ಟುವವರು ನಾವೇ. ಈಗ ಟೋಪಿ ಬಿದ್ದಿರುವುದು ಯಾರ ತಲೆಗೆ, ನೀವೇ ಯೋಚಿಸಿ.

ಇದು ಆಗದ ಮಾತೇನಲ್ಲ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಸುತ್ತಲ ಪ್ರದೇಶವನ್ನೇ ಕತ್ತಲ ಆಕಾಶದ ಮೀಸಲು ಅಂತ ಘೋಷಿಸಿದರು. ಅಲ್ಲಿನ ಹಳ್ಳಿಗಳವರು ದೀಪಕ್ಕೆ ಮರೆ, ಕಿಟಕಿಗೆ ದಪ್ಪ ಪರದೆ ಹಾಕಿಕೊಂಡರು. ನಕ್ಷತ್ರ ನೋಡಲು ಪ್ರವಾಸಿಗರು ಬರುತ್ತಾರೆ, ಹಳ್ಳಿಯವರಿಗೆ ನಾಲ್ಕು ಕಾಸೂ ಸಿಗುತ್ತದೆ.

ಅಂಗಡಿಯವರಿಗೂ ಒಂದು ಮಾತು. ನಿಮ್ಮ ಬೋರ್ಡಿಗೆ ಕೆಳಗಿಂದ ಮೇಲಕ್ಕೆ ಲೈಟು ಬಿಟ್ಟಿದ್ದರೆ, ಮೇಲಿಂದ ಕೆಳಕ್ಕೆ ತಿರುಗಿಸಿ. ಹೆಸರೂ ಕಾಣುತ್ತದೆ, ಗಿರಾಕಿಗೆ ಮೆಟ್ಟಿಲೂ ಕಾಣುತ್ತದೆ. ಸ್ಟುಡಿಯೋ ಎದುರಿನ ಬೇಕರಿಯವರು ಆಗಲೇ ತಿರುಗಿಸಿದ್ದಾರೆ. ಒಂದು ರಾತ್ರಿ ತಾರಸಿಗೆ ಹತ್ತಿ ದೂರದರ್ಶಕದಲ್ಲಿ ಇಣುಕಿದ್ದೇ ಕಾರಣ. ವ್ಯಾಪಾರ ಏನೂ ಕಮ್ಮಿಯಾಗಿಲ್ಲ ಅಂತ ಅವರೇ ಹೇಳಿದರು, ಒಂದು ಬನ್ನೂ ಕೊಟ್ಟರು.

ಕೆರೆ ಏರಿಯ ಫೋಟೋ ಈಗ ಸ್ಟುಡಿಯೋ ಗೋಡೆಯ ಮೇಲೆ, ಮದುಮಕ್ಕಳ ಫೋಟೋಗಳ ನಡುವೆ ಕೂತಿದೆ. ನಮ್ಮ ಉಪಸಂಪಾದಕರು ಖುದ್ದಾಗಿ ಹೋಗಿ ನೋಡಿ, “ತಪ್ಪಾಯ್ತು ಕಣ್ರೀ” ಅಂದು ಬಂದರು. ಪಾಸ್‌ಪೋರ್ಟ್ ಫೋಟೋಗೆ ಬಂದ ಹುಡುಗರು, “ಇದು ಎಲ್ಲೀದು ಅಂಕಲ್?” ಅಂತ ಕೇಳುತ್ತಾರೆ. ಇವರು ಕಿಟಕಿಯಾಚೆ ದಕ್ಷಿಣಕ್ಕೆ ಬೆರಳು ತೋರಿಸುತ್ತಾರೆ. ಹುಡುಗರು ತಿರುಗಿ ನೋಡುತ್ತಾರೆ. ಅಲ್ಲಿ ಕಾಣುವುದು ಹೈಮಾಸ್ಟ್ ದೀಪ ಮಾತ್ರ.

‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಅಂತ ಮುಗಿಸುವುದು ಈ ಅಂಕಣದ ವಾಡಿಕೆ. ಈ ಸಲ ಬೇರೆ ಕೇಳೋಣ. ಸಂಬಂಧಪಟ್ಟವರು ಒಂದು ಸಲ ತಲೆ ಎತ್ತಿ ನೋಡುವರೇ?